‘ಹಳೇ ಕಳ್ಳ’ ಹುಟ್ಟಿದ ದಾರಿ

ಕಲ್ಯಾಣದ ಶರಣರಲ್ಲಿ ಕನ್ನದ ಮಾರಿತಂದೆ ಎಂಬೊಬ್ಬನಿದ್ದ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯನವರ ಹಾಗೆ ಇವನ ಹೆಸರಿನ ಮುಂದೆಯೂ ಕಸುಬು ಕೂತಿದೆ. ಪರಂಪರೆ ಹೇಳುವಂತೆ ಆ ಕಸುಬು ಮನೆಗಳಿಗೆ ಕನ್ನ ಹಾಕುವುದು. ಶರಣನಾದ ಮೇಲೂ ಹೆಸರು ಬಿಡಲಿಲ್ಲ. ಹಾಗಂತ ಆ ಹೆಸರು ಹಿಡಿದು ಅವನನ್ನು ಹೊರಗೂ ಇಡಲಿಲ್ಲ. ವಚನಕಾರರ ಸಾಲಿನಲ್ಲೇ ಕೂರಿಸಿದರು.

ಏಳು ಶತಮಾನದ ನಂತರ ಅದೇ ಸೀಮೆಯಲ್ಲಿ ಬೇರೆಯೇ ಲೆಕ್ಕ ಶುರುವಾಯಿತು. ಸೊಲ್ಲಾಪುರ, ನಳದುರ್ಗ, ಬಸವಕಲ್ಯಾಣದ ಸಸ್ತಾಪುರ ಬಂಗ್ಲಾ, ಹುಮನಾಬಾದ್ ದಾಟಿ ಹೈದರಾಬಾದಿಗೆ ಹೋಗುವ ಹೆದ್ದಾರಿ ನಮಗೆಲ್ಲ ಗೊತ್ತು. ನಿಜಾಮನ ಸೇವೆಯಲ್ಲಿದ್ದ, ಮುಂದೆ ನಳದುರ್ಗದ ಆಡಳಿತವನ್ನೂ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್ ಇಂಥ ದಾರಿಗಳಲ್ಲಿ ಪ್ರಯಾಣಿಕರನ್ನು ಕೊಂದು ದೋಚುತ್ತಿದ್ದ ಥಗ್ಗರ ಮೇಲೆ 1839ರಲ್ಲಿ ಒಂದು ಕಾದಂಬರಿ ಪ್ರಕಟಿಸಿದ. ಇಂಗ್ಲೆಂಡಿನವರು ಮುಗಿಬಿದ್ದು ಓದಿದರು. ಕಳ್ಳತನ, ಕೊಲೆ ಅಪ್ಪನಿಂದ ಮಗನಿಗೆ ಇಳಿದು ಬರುವ ಕಸುಬು ಎಂಬ ನಂಬಿಕೆ ಆ ಕಾಲದಲ್ಲಿ ಗಟ್ಟಿಯಾಯಿತು. ತಮಾಷೆಯೆಂದರೆ ಕಾದಂಬರಿಯ ನಾಯಕ ಅಮೀರ್ ಅಲಿ ಥಗ್ಗನಿಗೆ ಹುಟ್ಟಿದವನೇ ಅಲ್ಲ. ಹೆತ್ತವರನ್ನು ಕೊಂದ ಥಗ್ಗರೇ ಅವನನ್ನು ಸಾಕಿ ಪಳಗಿಸಿದ್ದರು. ಉತ್ತರ ಕಥೆಯೊಳಗೇ ಇತ್ತು, ಸರ್ಕಾರದ ಕಣ್ಣಿಗೆ ಬೀಳಲಿಲ್ಲ.

1871ರಲ್ಲಿ, ಅದೇ ನಂಬಿಕೆಯ ಮೇಲೆ, ಇಡೀ ಸಮುದಾಯಗಳನ್ನೇ ಅಪರಾಧಿಗಳೆಂದು ನೋಂದಾಯಿಸುವ ಅಪರಾಧಿ ಬುಡಕಟ್ಟು ಕಾಯ್ದೆ ಬಂತು. ಮೊದಲು ಉತ್ತರ ಭಾರತಕ್ಕೆ, 1911ರ ನಂತರ ದಕ್ಷಿಣಕ್ಕೂ. ಸೊಲ್ಲಾಪುರ, ಹುಬ್ಬಳ್ಳಿಗಳಲ್ಲಿ ತಂತಿಬೇಲಿಯ ಸೆಟ್ಲ್‌ಮೆಂಟುಗಳೆದ್ದವು. ನೋಂದಣಿಯಾದವನು ಕರೆದಾಗ ಹಾಜರಿ ಕೊಡಬೇಕು, ಊರು ಬಿಡಲು ಚೀಟಿ ಪಡೆಯಬೇಕು. ಸಂತೆಗೆ ಹೋಗಿ ತಡವಾಯಿತೋ, ಕೇಸು. ಕೇಸಾದವನನ್ನು ಕೂಲಿಗೆ ಕರೆಯುವವರಿಲ್ಲ. ಕೂಲಿಯಿಲ್ಲದ ಮನೆಯಲ್ಲಿ ಒಲೆ ಉರಿಯುವುದು ಹೇಗೆ? ಊರಲ್ಲಿ ಮುಂದಿನ ಕಳವಾದಾಗ ಮೊದಲು ಬಡಿಯುವುದೂ ಅವನದೇ ಬಾಗಿಲು.

ಹಾಗಾದರೆ ಒಬ್ಬ ‘ಹಳೇ ಕಳ್ಳ’ನಾಗುವುದು ಹೇಗೆ? ನ್ಯೂಜಿಲೆಂಡಿನ ಡ್ಯುನೆಡಿನ್ ಊರಲ್ಲಿ 1972–73ರಲ್ಲಿ ಹುಟ್ಟಿದ ಸುಮಾರು ಸಾವಿರ ಮಕ್ಕಳ ಬದುಕನ್ನು ಸಂಶೋಧಕರು ದಶಕಗಟ್ಟಲೆ ಗಮನಿಸುತ್ತ ಬಂದಿದ್ದಾರೆ. ಅದರಲ್ಲಿ ದುಡಿದ ಮನಶ್ಶಾಸ್ತ್ರಜ್ಞೆ ಟೆರಿ ಮಾಫಿಟ್ 1993ರಲ್ಲಿ ಬರೆದದ್ದು ಇಷ್ಟು: ಹರೆಯದ ಪುಂಡಾಟ ಬಹುಪಾಲು ಹುಡುಗರಲ್ಲಿ ವಯಸ್ಸಾದಂತೆ ತಾನೇ ಬಿಟ್ಟುಹೋಗುತ್ತದೆ. ಮುಂದುವರಿಸುವ ಕೆಲವರ ಬೇರು ಎಳವೆಯಲ್ಲೇ, ಮಿದುಳಿನ ಬೆಳವಣಿಗೆಯ ಕೊರತೆ ಮತ್ತು ನೆಮ್ಮದಿಯಿಲ್ಲದ ಮನೆ ಎರಡೂ ಕೂಡಿದ ಕಡೆ ಇರುತ್ತದೆ. ಬಿಡಬಹುದಾಗಿದ್ದ ಹುಡುಗನೂ ಚಟದಲ್ಲೋ ಜೈಲಿನ ದಾಖಲೆಯಲ್ಲೋ ಕಾಲು ಸಿಕ್ಕಿಸಿಕೊಂಡರೆ ಅಲ್ಲೇ ಉಳಿಯುತ್ತಾನೆ.

ಇಪ್ಪತ್ತರ ಹುಡುಗನ ಮೇಲೆ ರೌಡಿಶೀಟ್ ತೆರೆಯುವಾಗ, ಹಬ್ಬ–ಚುನಾವಣೆಗೆ ಮುನ್ನ ಠಾಣೆಯಂಗಳದಲ್ಲಿ ಸಾಲಾಗಿ ನಿಲ್ಲಿಸುವಾಗ, ಗಡಿಪಾರು ಮಾಡಿ ಇದ್ದ ಕೆಲಸವನ್ನೂ ತಪ್ಪಿಸುವಾಗ ನನಗೆ ಈ ಮಾತು ನೆನಪಾಗುತ್ತದೆ. ಪೊಲೀಸರಿಗೆ ಪಟ್ಟಿಯೇ ಬೇಡ ಎನ್ನಲಾರೆ. ಮನೆ ಕಳುವಾದರೆ ನಾವೂ ಕೇಳುವುದು, ‘ಹಳೇ ಕಳ್ಳರನ್ನ ವಿಚಾರಿಸಿದಿರಾ ಸಾಹೇಬ್ರೆ?’ ಎಂದೇ.

1952ರ ಆಗಸ್ಟ್ 31ರಂದು ಅಪರಾಧಿ ಬುಡಕಟ್ಟು ಕಾಯ್ದೆ ರದ್ದಾಯಿತು. ಆದರೆ ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ‘ಗಂಟಿಚೋರ್’ ಎಂಬ ಸಮುದಾಯದ ಹೆಸರು ಇನ್ನೂ ಇದೆ. ಆ ಮನೆಯ ಮಗು ಶಾಲೆಗೆ ಒಯ್ಯುವ ಜಾತಿ ಪ್ರಮಾಣಪತ್ರದಲ್ಲಿ ಅದೇ ಹೆಸರಿರುತ್ತದೆ.