ಉಸಿರೆಣಿಸುವ ಮಣಿಗಳು

ಎರಡು ತಿಂಗಳೊಳಗಿನ ಕೂಸು ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದ್ದರೆ ನ್ಯುಮೋನಿಯಾ ಶಂಕಿಸಬೇಕು. ಆದರೆ ಅಷ್ಟರವರೆಗೆ ಎಣಿಸಲು ಬಾರದ ಹಳ್ಳಿಯ ಸೂಲಗಿತ್ತಿ ಅದನ್ನು ಗುರುತಿಸುವುದು ಹೇಗೆ? ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅದಕ್ಕೊಂದು ಸಾಧನ ಸಿದ್ಧವಾಯಿತು. ಒಂದು ನಿಮಿಷದ ಮರಳು ಗಡಿಯಾರ, ಪಕ್ಕದಲ್ಲಿ ಸಾಲಾಗಿ ಪೋಣಿಸಿದ ಮಣಿಗಳು. ಹತ್ತು ಉಸಿರಿಗೆ ಒಂದು ಮಣಿ ಸರಿಸಬೇಕು. ಮರಳು ಇಳಿದು ಮುಗಿಯುವುದರೊಳಗೆ ಆರನೆಯದಾದ ಕೆಂಪು ಮಣಿ ಸರಿಯಿತೆಂದರೆ ಔಷಧಿ ಶುರು.

ಸಾಧನ ರೂಪಿಸಿದ್ದು ‘ಸರ್ಚ್’ ಸಂಸ್ಥೆ. ಸೇವಾಗ್ರಾಮದ ಗಾಂಧಿ ಆಶ್ರಮದ ವಾತಾವರಣದಲ್ಲಿ ಬೆಳೆದ ಡಾ. ಅಭಯ್ ಬಂಗ್ ಮತ್ತು ಪತ್ನಿ ಡಾ. ರಾಣಿ ಬಂಗ್ ಅದರ ಸ್ಥಾಪಕರು. ಇಬ್ಬರೂ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಓದಿ ಬಂದವರು. 1980ರ ದಶಕದ ಮಧ್ಯದಲ್ಲಿ ಅವರು ಆರಿಸಿಕೊಂಡದ್ದು ಗೊಂಡ ಆದಿವಾಸಿಗಳ ಈ ಕಾಡುಸೀಮೆಯನ್ನು. ದೊಡ್ಡ ಕಟ್ಟಡ, ಬಿಳಿ ಕೋಟು ಕಂಡರೆ ಅಂಜಿಕೆ ಎಂದು ಜನ ಹೇಳಿದಾಗ ಆಸ್ಪತ್ರೆಯನ್ನು ಗುಡಿಸಲುಗಳ ಮಾದರಿಯಲ್ಲೇ ಕಟ್ಟಿ, ಅವರ ದೇವತೆ ದಂತೇಶ್ವರಿಯ ಹೆಸರಿಟ್ಟರು.

ಆಸ್ಪತ್ರೆಯೇನೋ ಆಯಿತು. ಆದರೆ ಕೂಸುಗಳು ಸಾಯುತ್ತಿದ್ದುದು ಮನೆಗಳಲ್ಲಿ, ಅದರಲ್ಲೂ ಹುಟ್ಟಿದ ಮೊದಲ 28 ದಿನಗಳಲ್ಲಿ. ಬಾಣಂತಿ ಮನೆಬಿಟ್ಟು ಹೊರಡುವ ಹಾಗಿಲ್ಲ. ಹೊರಟರೂ ಮಳೆಗಾಲದಲ್ಲಿ ಹಳ್ಳ ದಾಟಬೇಕು. ಹಾಗಾಗಿ ಚಿಕಿತ್ಸೆಯೇ ಮನೆಗೆ ಹೋಗಬೇಕೆಂದು ಬಂಗ್ ದಂಪತಿ ತೀರ್ಮಾನಿಸಿದರು.

39 ಹಳ್ಳಿಗಳಲ್ಲಿ, ಐದರಿಂದ ಹತ್ತನೇ ತರಗತಿವರೆಗೆ ಓದಿದ ಊರಿನ ಹೆಂಗಸರೇ ‘ಆರೋಗ್ಯದೂತ’ರಾದರು. ಹೆರಿಗೆಯ ಹೊತ್ತಿಗೆ ಹಾಜರಿದ್ದು, ಆಮೇಲೆ ಮತ್ತೆ ಮತ್ತೆ ಮನೆಗೆ ಬರುವುದು ಅವರ ಕೆಲಸ. ಉಸಿರಾಡದ ಕೂಸಿಗೆ ಉಸಿರು ಕೊಡುವುದು, ತೂಕ ನೋಡುವುದು, ಮೈ ತಣ್ಣಗಾಗದಂತೆ ಬೆಚ್ಚಗೆ ಹೊದಿಸುವುದು, ಮೊಲೆಹಾಲು ಕುಡಿಸಲು ತಾಯಿಗೆ ನೆರವಾಗುವುದು ಎಲ್ಲವನ್ನೂ ಕಲಿತರು. ನಂಜು ತಗುಲಿದ ಕೂಸಿಗೆ ಜೆಂಟಾಮೈಸಿನ್ ಚುಚ್ಚುಮದ್ದು ಕೊಡುವುದನ್ನೂ ಕಲಿತರು. ಡಾಕ್ಟರಿಕೆ ಓದದ ಹೆಂಗಸರ ಕೈಗೆ ಸಿರಿಂಜು ಕೊಡುವುದು ಆ ಕಾಲಕ್ಕೆ ಸಣ್ಣ ಧೈರ್ಯವಲ್ಲ.

1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಫಲಿತಾಂಶ ಪ್ರಕಟಿಸಿತು. ಈ ಹಳ್ಳಿಗಳಲ್ಲಿ ಸಾವಿರ ಜನನಕ್ಕೆ 62ರಷ್ಟಿದ್ದ ನವಜಾತ ಶಿಶುಮರಣ ಮೂರು ವರ್ಷಗಳಲ್ಲಿ ಸುಮಾರು 25ಕ್ಕೆ ಇಳಿದಿತ್ತು. ಹೋಲಿಕೆಗೆಂದು ಆಯ್ದುಕೊಂಡಿದ್ದ 47 ಹಳ್ಳಿಗಳಲ್ಲಿ ಅದು 60ರ ಆಸುಪಾಸಿನಲ್ಲೇ ಉಳಿದಿತ್ತು. ಜಿಲ್ಲೆ ಅದೇ, ಬಡತನ ಅದೇ. ವ್ಯತ್ಯಾಸ ಮಾಡಿದ್ದು ತರಬೇತಿ ಪಡೆದ ನೆರೆಮನೆಯ ಹೆಂಗಸು. 2018ರಲ್ಲಿ ದಂಪತಿಗೆ ಪದ್ಮಶ್ರೀ ಬಂತು.

ಗಡಚಿರೋಲಿಯ ಈ ಪಾಠ ಕರ್ನಾಟಕದ ಮನೆಗಳಿಗೂ ತಲುಪಿದೆ. 2011ರಲ್ಲಿ ಕೇಂದ್ರ ಸರ್ಕಾರ ಮನೆಯಲ್ಲೇ ನವಜಾತ ಶಿಶುವಿನ ಆರೈಕೆ ಮಾಡುವ ಕಾರ್ಯಕ್ರಮವನ್ನು ಆಶಾ ಕಾರ್ಯಕರ್ತೆಯರ ಮೂಲಕ ದೇಶದುದ್ದಕ್ಕೂ ಹರಡಿತು. ತಕ್ಕಡಿ, ಥರ್ಮಾಮೀಟರು ಹಿಡಿದು ಅವರು ಕೂಸನ್ನು ನೋಡುತ್ತಾರೆ. ಅಪಾಯದ ಲಕ್ಷಣ ಕಂಡರೆ ಆಸ್ಪತ್ರೆಗೆ ಕಳಿಸುತ್ತಾರೆ. 2018ರಿಂದ, ಕೂಸಿಗೆ 15 ತಿಂಗಳು ತುಂಬುವವರೆಗೂ ಈ ಭೇಟಿ ಮುಂದುವರಿಯುವಂತಾಯಿತು. ಆದರೆ ಇಷ್ಟು ಹೊಣೆ ಹೊತ್ತವರು ಸರ್ಕಾರದ ಲೆಕ್ಕದಲ್ಲಿ ಸ್ವಯಂಸೇವಕಿಯರು. ಸಂಬಳವಿಲ್ಲ, ಸಿಗುವುದು ಗೌರವಧನ ಮತ್ತು ಪ್ರೋತ್ಸಾಹಧನ. ಅದನ್ನು ಹೆಚ್ಚಿಸಿ ಎಂದು ಕೇಳಲು ಅವರು ಬೆಂಗಳೂರಿಗೆ ಬಂದು ಧರಣಿ ಕೂರಬೇಕಾಗುತ್ತದೆ.

ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ 3, 7, 14, 21, 28 ಮತ್ತು 42ನೇ ದಿನ ಆಶಾ ಮನೆಗೆ ಬರಬೇಕು. ಮನೆಯಲ್ಲೇ ಹೆರಿಗೆಯಾಗಿದ್ದರೆ ಮೊದಲ ದಿನವೂ ಸೇರಿ ಏಳು ಸಲ. ನಿಮ್ಮ ಮನೆಯಲ್ಲಿ ಅಥವಾ ಮನೆಗೆಲಸಕ್ಕೆ ಬರುವವರ ಮನೆಯಲ್ಲಿ ಎಳೆಗೂಸಿದ್ದರೆ ಈ ದಿನಗಳನ್ನು ಗುರುತು ಹಾಕಿಕೊಳ್ಳಿ. ಯಾರೂ ಬಾರದಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ.