ನಿದ್ದೆಗೆಟ್ಟ ಸಾರಥಿಯೂ ವಿಮಾನದ ಕ್ಷೇಮವೂ

ಮಡಿಕೇರಿಯಿಂದ ಘಟ್ಟವಿಳಿದು ಕಲ್ಲುಗುಂಡಿಯ ಪೇಟೆಯನ್ನು ದಾಟುವ ಲಾರಿಯ ಚಾಲಕನಿಗೆ ನಿದ್ದೆ ಕವಿದರೆ ಆಗುವ ಅನಾಹುತವೇನೆಂಬುದನ್ನು ಈ ಸೀಮೆಯ ಜನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಕಾಶಮಾರ್ಗದ ಸಾರಥಿಯೂ ಮನುಷ್ಯನೇ. ಅವನ ಕಣ್ಣಿಗೂ ನಿದ್ದೆಯುಂಟು. ಕೊಲ್ಲಿಯ ದೇಶಗಳಲ್ಲಿ ದುಡಿಯುವ ಮಕ್ಕಳನ್ನು ಎದುರುಗೊಳ್ಳಲು ಬಜಪೆಗೆ ಹೋಗುವ ನಮ್ಮ ಜಿಲ್ಲೆಯ ಕುಟುಂಬಗಳಿಗೆ ಈ ವಿಚಾರವು ದೂರದ್ದಲ್ಲ.

2010ನೆಯ ಮೇ 22ರ ಬೆಳಗನ್ನು ಯಾರು ಮರೆತಾರು? ದುಬಾಯಿಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಗುಡ್ಡದ ಮೇಲಿನ ಓಡುದಾರಿಯನ್ನು ಮೀರಿ ಕಮರಿಗೆ ಬಿದ್ದು, ಅದರಲ್ಲಿದ್ದ 166 ಜನರ ಪೈಕಿ 158 ಮಂದಿ ಅಸುನೀಗಿದರು. ಚಾಲಕರು ಇಬ್ಬರಿದ್ದರು, ನಿಯಮವು ಕೇಳುವ ಸಂಖ್ಯೆಗೆ ಕೊರತೆಯಿರಲಿಲ್ಲ. ಆದರೆ ವಿಚಾರಣಾ ಮಂಡಲಿಗೆ ತಿಳಿದುಬಂದುದೇನು? ಧ್ವನಿಮುದ್ರಣದಲ್ಲಿ ಉಳಿದಿದ್ದ ಸುಮಾರು 2 ಗಂಟೆಗಳ ಅವಧಿಯಲ್ಲಿ 1 ಗಂಟೆ 40 ನಿಮಿಷ ಕಾಲ ಮುಖ್ಯ ಚಾಲಕನು ನಿದ್ರಿಸಿದ್ದನು. ಇಳಿಯುವಾಗ ವಿಮಾನವು ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿತ್ತು. ಇಳಿಸದೆ ಮರಳಿ ಮೇಲೇರಬೇಕೆಂದು ಸಹಚಾಲಕನು ಮತ್ತೆ ಮತ್ತೆ ಎಚ್ಚರಿಸಿದರೂ ಅವನ ಮಾತು ನಡೆಯಲಿಲ್ಲ.

ಎರಡು ಆಸನಗಳು ತುಂಬಿದ ಮಾತ್ರಕ್ಕೆ ವಿಮಾನಕ್ಕೆ ಇಬ್ಬರು ಸಾರಥಿಗಳಾದಂತಲ್ಲ. ಇಬ್ಬರೂ ಎಚ್ಚರವಾಗಿರಬೇಕು, ಕಿರಿಯನ ಮಾತಿಗೂ ಬೆಲೆಯಿರಬೇಕು.

ವಿಮಾನಯಾನ ನಿಯಂತ್ರಣಾಧಿಕಾರಿಗಳು 2024ರ ಜನವರಿಯಲ್ಲಿ ಪ್ರಕಟಿಸಿದ ನಿಯಮಗಳು ಚಾಲಕರ ವಾರದ ವಿಶ್ರಾಂತಿಯನ್ನು 36 ಗಂಟೆಗಳಿಂದ 48ಕ್ಕೆ ಏರಿಸಿ, ರಾತ್ರಿಯ ಇಳಿತಗಳನ್ನು 6ರಿಂದ 2ಕ್ಕೆ ಇಳಿಸಿದುವು. 2025ರ ನವೆಂಬರ್ 1ರಿಂದ ಇವು ಪೂರ್ಣವಾಗಿ ಜಾರಿಗೆ ಬಂದುವು. ಸಿದ್ಧತೆಗೆ ಇಷ್ಟು ಕಾಲವಿದ್ದರೂ ಡಿಸೆಂಬರಿನಲ್ಲಿ ಚಾಲಕರು ಸಾಲದೆ ಇಂಡಿಗೋ ಕಂಪೆನಿಯ ಸಾವಿರಾರು ಹಾರಾಟಗಳು ರದ್ದಾದುವು. ಆಗ ಅಧಿಕಾರಿಗಳು ಆ ಕಂಪೆನಿಗೆ ರಾತ್ರಿ ಕೆಲಸದ ಕಟ್ಟುಗಳಿಂದ 2026ರ ಫೆಬ್ರವರಿ 10ರ ವರೆಗೆ ವಿನಾಯಿತಿ ಕೊಟ್ಟರು.

ನಿಲ್ದಾಣಗಳಲ್ಲಿ ಸಿಕ್ಕಿಬಿದ್ದ ಪ್ರಯಾಣಿಕರ ಸಂಕಟವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಸಾಕಷ್ಟು ಚಾಲಕರನ್ನು ನೇಮಿಸಿಕೊಳ್ಳುವುದು ಕಂಪೆನಿಯ ಹೊಣೆ. ಆ ಹೊಣೆ ತಪ್ಪಿದಾಗ ಹಾರಾಟಗಳನ್ನು ಕಡಿಮೆ ಮಾಡಿಸಬೇಕೇ ಹೊರತು ಚಾಲಕನ ನಿದ್ದೆಯನ್ನು ಕಡಿಮೆ ಮಾಡಲಾಗದು. ಕೊರತೆಯಾದಾಗಲೆಲ್ಲ ಸಡಿಲಗೊಳ್ಳುವ ನಿಯಮವು ಯಾರನ್ನು ತಾನೆ ಕಾದೀತು?

ತಡವಾಗಿ ಬರುವ ಮಗನನ್ನು ತಾಯಿ ಬಜಪೆಯ ಬಾಗಿಲಲ್ಲಿ ಇಡೀ ದಿನ ಕಾದಾಳು. ಬಾರದ ಮಗನನ್ನು ಎಷ್ಟು ದಿನ ಕಾಯಬೇಕೆಂಬುದಕ್ಕೆ ಅಧಿಕಾರಿಗಳೇ ಉತ್ತರ ಹೇಳಲಿ.