ಪಾದಚಾರಿ ಬೀದಿ: ಒಪ್ಪುವ ಮುನ್ನ ನೋಡಬೇಕಾದ ಲೆಕ್ಕ

ಪೇಟೆಯ ಹಳೆಯ ಬೀದಿಗಳನ್ನು ನಡೆದಾಡುವವರಿಗೆ ಬಿಟ್ಟುಕೊಡಬೇಕೆಂಬ ಮಾತು ಬಂದೊಡನೆ ವರ್ತಕರಲ್ಲಿ ಆತಂಕ ಮೂಡುವುದು ಸಹಜ. ಅಂಗಡಿಯ ಮುಂದೆ ಬೈಕ್ ನಿಲ್ಲದಿದ್ದರೆ ಗಿರಾಕಿ ಬಂದಾನೆಯೇ? ಲಾರಿ ಬಾರದಿದ್ದರೆ ಸರಕು ಇಳಿಯುವುದೆಂತು? ಇವು ನ್ಯಾಯವಾದ ಪ್ರಶ್ನೆಗಳು.

ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯವು 2020ರ ನವೆಂಬರ್‌ನಿಂದ 2021ರ ಫೆಬ್ರವರಿಯವರೆಗೆ ವಾರಾಂತ್ಯಗಳಲ್ಲಿ ವಾಹನಗಳನ್ನು ನಿರ್ಬಂಧಿಸಿ ಪ್ರಯೋಗ ನಡೆಸಿತು. ಅಲ್ಲಿ ಪುಸ್ತಕದಂಗಡಿ ಮತ್ತು ಹೋಟೆಲುಗಳೇ ಹೆಚ್ಚು. ಪಕ್ಕದಲ್ಲೇ ಮೆಟ್ರೋ ನಿಲ್ದಾಣವಿದೆ. ಬಂದವರು ನಿಧಾನವಾಗಿ ಸುತ್ತಾಡುವ ಬೀದಿ ಅದು.

ದೆಹಲಿಯ ಚಾಂದನಿ ಚೌಕದ ಸ್ಥಿತಿ ಬೇರೆ. ಸುಮಾರು 1.3 ಕಿ.ಮೀ. ಉದ್ದದ ಆ ಬೀದಿಯು ನವೀಕರಣಗೊಂಡು 2021ರಲ್ಲಿ ತೆರೆಯಿತು. ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ವಾಹನಗಳಿಗೆ ಪ್ರವೇಶ ನಿಷೇಧಿಸಲಾಯಿತು. ಸರಕು ಸಾಗಣೆ ರಾತ್ರಿಯ ವೇಳೆಗೆ ಸೀಮಿತವಾಯಿತು. ನಿಷೇಧವು ಸರಿಯಾಗಿ ಜಾರಿಯಾಗುತ್ತಿಲ್ಲವೆಂದು ಅಲ್ಲಿನ ವರ್ತಕರೇ ಬಳಿಕ ದೂರಿದರು. ನಿಯಮ ಅರ್ಧಂಬರ್ಧವಾದರೆ ಅದನ್ನು ಪಾಲಿಸಿದ ವರ್ತಕನಿಗೇ ನಷ್ಟ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರಿನ ವರ್ತಕರಿಗೆ ಈ ವ್ಯವಸ್ಥೆ ಪೂರ್ತಿ ಹೊಸದೇನಲ್ಲ. ಸಂತೆ ಮತ್ತು ತೇರಿನ ದಿನಗಳಲ್ಲಿ ಬೀದಿ ನಡೆಯುವವರದೇ ಆಗಿರುತ್ತದೆ. ಬಟ್ಟೆ, ಬಳೆ, ಪಾತ್ರೆ, ಚಿನ್ನಬೆಳ್ಳಿಯ ಅಂಗಡಿಗಳಿಗೆ ಇದರಿಂದ ಅನುಕೂಲವಾಗಬಹುದು. ಅಡಿಕೆ, ಮೆಕ್ಕೆಜೋಳ, ಗೊಬ್ಬರ, ಸಿಮೆಂಟ್ ವ್ಯಾಪಾರವಾದರೋ ವಾಹನವಿಲ್ಲದೆ ನಡೆಯದು. ಆದ್ದರಿಂದ ಎಲ್ಲ ಬೀದಿಗಳಿಗೂ ಒಂದೇ ನಿಯಮ ಸಲ್ಲದು.

ಕಾನೂನಿನಲ್ಲಿಯೂ ಪ್ರಯೋಗಕ್ಕೆ ಅವಕಾಶವಿದೆ. 1988ರ ಮೋಟಾರು ವಾಹನ ಕಾಯ್ದೆಯ 115ನೇ ಕಲಮಿನಂತೆ, ಒಂದು ತಿಂಗಳು ಮೀರದ ಸಂಚಾರ ನಿರ್ಬಂಧಕ್ಕೆ ರಾಜ್ಯಪತ್ರದ ಅಧಿಸೂಚನೆ ಬೇಕಿಲ್ಲ; ಸ್ಥಳೀಯ ಪ್ರಚಾರ ಸಾಕು. ಬೀದಿಬದಿ ವ್ಯಾಪಾರಿಗಳನ್ನು ಮನಬಂದಂತೆ ಎಬ್ಬಿಸುವಂತಿಲ್ಲ. 2014ರ ಕಾಯ್ದೆಯನ್ವಯ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಅವರ ಪ್ರತಿನಿಧಿಗಳು ಶೇ. 40ಕ್ಕೆ ಕಡಿಮೆಯಿರಬಾರದು.

ಆ ಒಂದು ತಿಂಗಳ ಲೆಕ್ಕವನ್ನು ವರ್ತಕರು ಜಾಗರೂಕತೆಯಿಂದ ಬರೆದಿಡಬೇಕು. ಒಟ್ಟು ಮಾರಾಟದ ಜೊತೆಗೆ ಬಿಲ್ಲುಗಳ ಸಂಖ್ಯೆಯನ್ನೂ, ವ್ಯಾಪಾರವಾದ ವೇಳೆಯನ್ನೂ ಗುರುತಿಸಬೇಕು. ಹೋಲಿಕೆಯನ್ನು ಹಿಂದಿನ ತಿಂಗಳೊಡನೆ ಮಾಡದೆ ಹಿಂದಿನ ವರ್ಷದ ಅದೇ ಅವಧಿಯೊಡನೆ ಮಾಡುವುದು ಸೂಕ್ತ. ಹಬ್ಬ ಮತ್ತು ಸುಗ್ಗಿಯ ವ್ಯತ್ಯಾಸ ಇಲ್ಲವಾದರೆ ಲೆಕ್ಕವನ್ನು ತಪ್ಪಿಸುತ್ತದೆ. ಹಬ್ಬದ ತಿಥಿ ಮುಂದುಹಿಂದಾಗಿದ್ದರೆ ಅದನ್ನೂ ಗಮನಿಸಬೇಕು. ಕೈಗಾಡಿ ಮತ್ತು ಹಮಾಲಿಗೆ ತಗಲುವ ಹೆಚ್ಚುವರಿ ಖರ್ಚನ್ನು ಲಾಭದಿಂದ ಕಳೆಯಲೇಬೇಕು.

ಸರಕು ಇಳಿಸಲು ನಿಗದಿತ ವೇಳೆ, ಬೀದಿಯ ತುದಿಯಲ್ಲಿ ವಾಹನ ನಿಲುಗಡೆ, ವೃದ್ಧರಿಗೂ ಆಂಬುಲೆನ್ಸ್‌ಗೂ ದಾರಿ: ಈ ಮೂರನ್ನು ಸ್ಥಳೀಯ ಸಂಸ್ಥೆಯಿಂದ ಲಿಖಿತವಾಗಿ ಪಡೆದ ಬಳಿಕವೇ ವರ್ತಕರ ಸಂಘಗಳು ಪ್ರಯೋಗಕ್ಕೆ ಒಪ್ಪಿಗೆ ನೀಡುವುದು ಒಳಿತು. ತಿಂಗಳ ಕೊನೆಗೆ ನಮ್ಮ ಕೈಯಲ್ಲಿ ಅಂಕಿಅಂಶಗಳಿದ್ದರೆ ಬೇಕೆನ್ನುವುದಕ್ಕೂ ಬೇಡವೆನ್ನುವುದಕ್ಕೂ ಬಲವಿರುತ್ತದೆ.